ಸಮುದ್ರ ದಾಟಿತು, ಹೊಸಿಲು ದಾಟಲಿಲ್ಲ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಶ್ರೀಕೃಷ್ಣ ವೃಂದಾವನ ಎಂಬ ದೇವಸ್ಥಾನವಿದೆ. ನಡೆಸುವವರು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಪುತ್ತಿಗೆ ಮಠದವರು. ಇದೇ ಮಠದ ಸುಗುಣೇಂದ್ರತೀರ್ಥ ಸ್ವಾಮೀಜಿಯವರಿಗೆ 2008ರ ಜನವರಿಯಲ್ಲಿ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಸರದಿ, ಬಂದಾಗ ಉಡುಪಿಯ ರಥಬೀದಿಯಲ್ಲಿ ದೊಡ್ಡ ಗದ್ದಲವೆದ್ದಿತು. ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿ ಬಂದ ಯತಿ ಕೃಷ್ಣನ ವಿಗ್ರಹ ಮುಟ್ಟಿ ಪೂಜೆ ಮಾಡಬಹುದೇ? ಕೂಡದು ಎಂದರು ಬೇರೆ ಮಠಗಳ ಯತಿಗಳು. ಧರ್ಮಪ್ರಚಾರಕ್ಕೆ ಹೋದದ್ದು ದೋಷವಾಗುವುದಿಲ್ಲ ಎಂಬುದು ಪುತ್ತಿಗೆಯವರ ನಿಲುವು. ಎಂಟು ಮಠ, ತಲಾ ಎರಡು ವರ್ಷ. ಸರದಿ ಮರಳಲು ಹದಿನಾರು ವರ್ಷ ಬೇಕು. 2024ರ ಜನವರಿ 18ರಂದು ಅವರೇ ನಾಲ್ಕನೆಯ ಸಲ ಪೀಠವೇರಿದಾಗ ಅದೇ ಪ್ರಶ್ನೆ ಮತ್ತೆ ತಲೆಯೆತ್ತಿತು. ಈ ಹದಿನಾರು ವರ್ಷಗಳಲ್ಲಿ ಕರಾವಳಿಯ ಅದೆಷ್ಟು ವೈದಿಕ ಮನೆತನಗಳ ಮಕ್ಕಳು ನ್ಯೂಯಾರ್ಕ್ ವಿಮಾನ ಹತ್ತಿದರೋ, ಆ ಲೆಕ್ಕ ಇಟ್ಟವರಿಲ್ಲ.

ಸ್ವಾರಸ್ಯವೆಂದರೆ ಉಡುಪಿಯ ಕೃಷ್ಣನೇ ಹಡಗಿನಲ್ಲಿ ಬಂದವನು. ದ್ವಾರಕೆಯಿಂದ ಹೊರಟ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ದಡ ಸೇರಿಸಿದರು, ಕಾಣಿಕೆಯಾಗಿ ಸಿಕ್ಕಿದ ಗೋಪೀಚಂದನದ ಹೆಂಟೆಯೊಳಗೆ ವಿಗ್ರಹವಿತ್ತು ಎಂಬ ಕಥೆ ಕರಾವಳಿಯ ಮಕ್ಕಳಿಗೂ ಗೊತ್ತು. ದೇವರಿಗಿಲ್ಲದ ತಡೆ ಭಕ್ತನಿಗೆ ಯಾಕೆ ಬಂತು? ಈ ಕಟ್ಟಳೆಯ ಜಾಡು ಹಿಡಿದು ಹೋದರೆ ನಮ್ಮ ಆಚಾರಗಳು ಹೇಗೆ ಹುಟ್ಟುತ್ತವೆ, ಹೇಗೆ ಸಡಿಲುತ್ತವೆ, ಯಾವುದು ಕೊನೆಯವರೆಗೂ ಗಟ್ಟಿಯಾಗಿ ಕೂತಿರುತ್ತದೆ ಎಂಬುದು ತಿಳಿಯುತ್ತದೆ. ಅದನ್ನು ನೋಡಲು ನ್ಯೂಯಾರ್ಕ್–ನ್ಯೂಜೆರ್ಸಿಗಿಂತ ಒಳ್ಳೆಯ ಜಾಗ ಸಿಗಲಾರದು.

ಬೌಧಾಯನ ಧರ್ಮಸೂತ್ರ ಜಾತಿಭ್ರಷ್ಟನನ್ನಾಗಿಸುವ ಪಾತಕಗಳನ್ನು ಹೇಳುವಾಗ ಸಮುದ್ರಯಾನವನ್ನೇ ಮೊದಲಿಗೆ ಎತ್ತಿಕೊಳ್ಳುತ್ತದೆ. ಪ್ರಾಯಶ್ಚಿತ್ತ ಮೂರು ವರ್ಷದ್ದು: ಹಗಲೆಲ್ಲ ನಿಂತಿರಬೇಕು, ರಾತ್ರಿ ಕೂತಿರಬೇಕು, ನಾಲ್ಕು ಹೊತ್ತಿಗೊಮ್ಮೆ ಅಷ್ಟಿಷ್ಟು ಉಣ್ಣಬೇಕು. ಆದರೆ ಅದೇ ಗ್ರಂಥ ಇನ್ನೊಂದು ಕಡೆ ದೇಶಾಚಾರಗಳನ್ನು ಪಟ್ಟಿ ಮಾಡುತ್ತ, ಸಮುದ್ರಯಾನವನ್ನು ಉತ್ತರದವರ ರೂಢಿಯಲ್ಲಿ ಸೇರಿಸುತ್ತದೆ; ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವುದು ದಕ್ಷಿಣದವರ ರೂಢಿ ಎನ್ನುತ್ತದೆ. ಅವರವರ ನಾಡಿನಲ್ಲಿ ಅದು ಸಲ್ಲುತ್ತದೆ, ಬೇರೆಯವರು ಮಾಡಿದರೆ ದೋಷ. ಅಂದರೆ ಆಚಾರ ಊರಿಗೆ ತಕ್ಕಂತೆ ಬದಲಾಗುತ್ತದೆ ಎಂಬ ತಿಳಿವಳಿಕೆ ಸೂತ್ರಕಾರರ ಕಾಲಕ್ಕೇ ಇತ್ತು. ಮುಂದೆ ಕಲಿವರ್ಜ್ಯಗಳ ಪಟ್ಟಿ ಬೆಳೆದಾಗ ಬಿಗಿ ಹೆಚ್ಚಿತು. ಹಡಗೇರಿದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನನ್ನು ಮತ್ತೆ ಸೇರಿಸಿಕೊಳ್ಳುವುದು ಕಲಿಯುಗದಲ್ಲಿ ಸಲ್ಲದು ಎಂಬ ಮಾತು ಬಂತು. ರಥಬೀದಿಯ ಆಕ್ಷೇಪದ ಬೇರು ಇಲ್ಲಿದೆ.

ಭಯ ನೀರಿನದಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿದ್ದರೆ ಮಡಿಯಿಲ್ಲ, ಸಂಧ್ಯಾವಂದನೆಯಿಲ್ಲ. ಯಾರು ಬೇಯಿಸಿದ್ದೋ ಉಣ್ಣಬೇಕು, ಯಾರ ಪಕ್ಕದಲ್ಲೋ ಮಲಗಬೇಕು. ಬಾರಕೂರು, ಭಟ್ಕಳದ ರೇವುಗಳಲ್ಲಿ ಅರಬರ ಕುದುರೆ ಇಳಿಯುತ್ತಿತ್ತು, ನಮ್ಮ ಅಕ್ಕಿ, ಮೆಣಸು ಹಡಗೇರುತ್ತಿತ್ತು. ವ್ಯಾಪಾರಕ್ಕೆ ಸಮುದ್ರ ಬೇಕು, ಆಚಾರಕ್ಕೆ ಬೇಡ. ಎರಡೂ ಒಂದೇ ಕಾಲದಲ್ಲಿ ನಡೆದಿತ್ತು.

ಇಂಗ್ಲಿಷರ ಆಳ್ವಿಕೆಯಲ್ಲಿ ಓದು, ನೌಕರಿ, ದರ್ಬಾರು ಎಲ್ಲವೂ ಸಮುದ್ರದಾಚೆಗೆ ಕರೆದವು. ಆಗ ನಡೆದದ್ದನ್ನು ನೋಡಿ. 1888ರಲ್ಲಿ ಬ್ಯಾರಿಸ್ಟರ್ ಓದಿಗೆ ಹೊರಟ ಗಾಂಧಿಯನ್ನು ಮುಂಬಯಿಯ ಮೋಢ ಬನಿಯಾ ಸಮುದಾಯದ ಹಿರಿಯರು ಜಾತಿಯಿಂದ ಹೊರಹಾಕಿದರು. 1891ರಲ್ಲಿ ಮರಳಿ ಬಂದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ನದಿಯಲ್ಲಿ ಮುಳುಗಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಜೈಪುರದ ಮಾಧೋಸಿಂಗ್ ಮಹಾರಾಜರು 1902ರಲ್ಲಿ ಲಂಡನ್ನಿನ ಪಟ್ಟಾಭಿಷೇಕಕ್ಕೆ ಹೊರಟಾಗ ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿ ಹಡಗಿಗೇರಿಸಿದರು. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನು ನೋಡಿ ಬಂದಿದ್ದರು. ಯಾವ ಪೀಠವೂ ನಿಷೇಧ ರದ್ದಾಯಿತೆಂದು ಡಂಗುರ ಹೊಡೆಯಲಿಲ್ಲ. ಒಂದು ಮುಳುಗು, ಒಂದು ಊಟ, ಒಂದಿಷ್ಟು ದಕ್ಷಿಣೆ. ಮೂರು ವರ್ಷದ ತಪಸ್ಸು ಮೂರು ಗಂಟೆಯ ಶಾಸ್ತ್ರಕ್ಕೆ ಇಳಿಯಿತು. ಆಮೇಲೆ ಅದೂ ಬೇಕೆನಿಸಲಿಲ್ಲ.

ಅಮೆರಿಕದ ಬಾಗಿಲು ತೆರೆದದ್ದು ತಡವಾಗಿ. 1946ರ ಕಾನೂನಿನಂತೆ ಭಾರತೀಯರಿಗೆ ಇದ್ದದ್ದು ವರ್ಷಕ್ಕೆ ನೂರು ಜಾಗ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದರು. ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು ಹೊರಟರು. ಬಸವನಗುಡಿ, ಅಗ್ರಹಾರಗಳ ತಂದೆತಾಯಿ ಮಗನ ಪೆಟ್ಟಿಗೆಗೆ ಚಟ್ನಿಪುಡಿ, ಜನಿವಾರದ ಕಟ್ಟು ತುಂಬಿ ವಿಮಾನ ಹತ್ತಿಸಿದರು. ರಜೆಗೆ ಬಂದವನಿಗೆ ಪ್ರಾಯಶ್ಚಿತ್ತ ಮಾಡಿಸಬೇಕೆಂದು ಯಾರ ಮನೆಯಲ್ಲೂ ಜಗಳವಾದದ್ದು ಕೇಳಿಬರಲಿಲ್ಲ. ಡಾಲರು ತರುವ ಪಾತಕಕ್ಕೆ ಪರಿಹಾರ ಕೇಳುವವರು ಯಾರು?

ಹೋದವರು ದೇವರನ್ನು ಕರೆಸಿಕೊಂಡರು. ವಿಶ್ವಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ ಅಳಗಪ್ಪ ಅಳಗಪ್ಪನ್ ಮತ್ತು ಗೆಳೆಯರು 1970ರಲ್ಲಿ ಕಟ್ಟಿದ ಸಂಸ್ಥೆ, ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚು ಇದ್ದ ಜಾಗವನ್ನು ಕೊಂಡಿತು. ಭಾರತದಲ್ಲಿ ಕೆತ್ತಿದ ಕಲ್ಲು ಹಡಗಿನಲ್ಲಿ ಬಂತು, ಶಿಲ್ಪಿಗಳು ಬಂದರು. 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಮಹಾವಲ್ಲಭ ಗಣಪತಿಗೆ ಕುಂಭಾಭಿಷೇಕವಾಯಿತು. ದೇವಸ್ಥಾನದ ಬೀದಿಗೆ ಹೆಸರು ಕೊಟ್ಟ ಜಾನ್ ಬೌನ್ 1662ರಲ್ಲಿ ಕ್ವೇಕರ್ ಪಂಥದವರ ಪ್ರಾರ್ಥನೆಗೆ ಮನೆ ಬಿಟ್ಟುಕೊಟ್ಟು ಡಚ್ ಆಡಳಿತದ ಕೈಯಲ್ಲಿ ಸೆರೆಯಾದವನು. ಅದಕ್ಕೂ ಐದು ವರ್ಷ ಮೊದಲು ಫ್ಲಶಿಂಗ್‌ನ ಜನ ಯಾವ ಮತದವರನ್ನೂ ಹಿಂಸಿಸಬಾರದೆಂದು ಮನವಿ ಬರೆದಿದ್ದರು. ಆ ಬೀದಿಯ ಒಂದು ಭಾಗಕ್ಕೆ 2022ರಲ್ಲಿ ಗಣೇಶ ದೇವಸ್ಥಾನದ ಹೆಸರನ್ನೂ ಸೇರಿಸಿದರು.

ಒಳಗೆ ಹೋದರೆ ಗಣಪತಿಯ ಜೊತೆ ಶಿವ, ವೆಂಕಟೇಶ್ವರ, ಷಣ್ಮುಖ, ಲಕ್ಷ್ಮಿ, ನವಗ್ರಹ ಎಲ್ಲರೂ ಒಂದೇ ಸೂರಿನಡಿ ಇದ್ದಾರೆ. ಊರಿನಲ್ಲಾದರೆ ಸ್ಮಾರ್ತರಿಗೊಂದು, ಶ್ರೀವೈಷ್ಣವರಿಗೊಂದು, ಮಾಧ್ವರಿಗೊಂದು ಗುಡಿ. ಮುದ್ರೆ, ನಾಮ, ವಿಭೂತಿಗಳ ಗಡಿ. ಇಲ್ಲಿ ಎಲ್ಲರಿಗೂ ಒಂದು ಕಟ್ಟಡ ಕಟ್ಟುವಷ್ಟೇ ಹಣವಿತ್ತು. ಬೇಸ್‌ಮೆಂಟಿನ ಕ್ಯಾಂಟೀನಿನ ದೋಸೆಗೆ ಭಕ್ತರಲ್ಲದವರೂ ಸಾಲು ನಿಲ್ಲುತ್ತಾರೆ. ಪಂಕ್ತಿಭೇದಕ್ಕೆ ಅಲ್ಲಿ ಜಾಗವೇ ಇಲ್ಲ. ಆಡಳಿತವೂ ಬೇರೆ ಬಗೆಯದು. ಊರಿನ ದೇವಸ್ಥಾನಕ್ಕೆ ವಂಶಪಾರಂಪರ್ಯದ ಮೊಕ್ತೇಸರರೋ ಮುಜರಾಯಿ ಇಲಾಖೆಯೋ ಇರುತ್ತದೆ. ಇಲ್ಲಿಯದು ಅಮೆರಿಕದ ಕಾನೂನಿನಂತೆ ನೋಂದಾಯಿಸಿದ ಲಾಭರಹಿತ ಸಂಸ್ಥೆ. ಬೈಲಾ ಇದೆ, ಟ್ರಸ್ಟಿಗಳಿದ್ದಾರೆ, ಮತದಾನದ ಹಕ್ಕು ಯಾರಿಗೆ ಎಂಬ ಜಗಳ ಕೋರ್ಟಿಗೆ ಹೋದದ್ದೂ ಇದೆ. ಉಮಾ ಮೈಸೂರೇಕರ್ ಎಂಬ ವೈದ್ಯೆ 1994ರಿಂದ ಈ ದೇವಸ್ಥಾನದ ಅಧ್ಯಕ್ಷೆ. ಇಷ್ಟು ದೊಡ್ಡ ದೇವಸ್ಥಾನದ ಚುಕ್ಕಾಣಿ ಮೂರು ದಶಕ ಹೆಂಗಸಿನ ಕೈಯಲ್ಲಿದ್ದ ಉದಾಹರಣೆ ನಮ್ಮೂರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಪಂಚಾಂಗ. ಸೂರ್ಯ ಚಂದ್ರರ ನಡುವಿನ ಕೋನ ಹನ್ನೆರಡು ಡಿಗ್ರಿ ಬೆಳೆಯಲು ಹಿಡಿಯುವ ಕಾಲವೇ ತಿಥಿ. ಅದು ಶುರುವಾಗುವ, ಮುಗಿಯುವ ಗಳಿಗೆ ಭೂಮಿಗೆಲ್ಲ ಒಂದೇ. ಹಬ್ಬ ಯಾವತ್ತು ಎಂಬುದನ್ನು ಸಾಮಾನ್ಯವಾಗಿ ಆಯಾ ಊರಿನ ಸೂರ್ಯೋದಯಕ್ಕೆ ಇರುವ ತಿಥಿ ತೀರ್ಮಾನಿಸುತ್ತದೆ. ಯುಗಾದಿಯ ಪಾಡ್ಯ ಬೆಂಗಳೂರಿನಲ್ಲಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮುಗಿಯಿತು ಎನ್ನಿ. ಅಲ್ಲಿ ಸೋಮವಾರವೇ ಹಬ್ಬ. ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ನಡುರಾತ್ರಿ ಹನ್ನೆರಡೂವರೆ. ಅಲ್ಲಿ ಸೋಮವಾರ ಸೂರ್ಯ ಹುಟ್ಟುವಾಗ ಬಿದಿಗೆ ಬಂದುಬಿಟ್ಟಿರುತ್ತದೆ. ಪಾಡ್ಯದ ಸೂರ್ಯೋದಯ ಭಾನುವಾರವೇ ಆಗಿಹೋಗಿರುತ್ತದೆ. ಹಾಗಾಗಿ ನ್ಯೂಜೆರ್ಸಿಯ ಸೊಸೆ ಭಾನುವಾರ ಬೇವುಬೆಲ್ಲ ಹಂಚಬೇಕು, ಮೈಸೂರಿನ ಅತ್ತೆ ಸೋಮವಾರ. ಫೋನಿನಲ್ಲಿ ‘ಇವತ್ತೇ ಯಾಕೆ ಮಾಡಿದಿರಿ’ ಎಂಬ ಮಾತು ಬಂದೇ ಬರುತ್ತದೆ. ಅಮೆರಿಕದ ಊರೂರಿಗೆ ಪಂಚಾಂಗ ಗುಣಿಸುವವರು ಹುಟ್ಟಿಕೊಂಡದ್ದು ಇದಕ್ಕಾಗಿ. ಇಷ್ಟೆಲ್ಲ ಗುಣಿಸಿ ತಿಥಿ ಹಿಡಿದ ಮೇಲೆ ‘ಬೃಂದಾವನ’ದಂಥ ಕನ್ನಡ ಸಂಘಗಳ ಯುಗಾದಿ ನಡೆಯುವುದು ಶಾಲೆಯ ಸಭಾಂಗಣ ಬಾಡಿಗೆಗೆ ಸಿಕ್ಕ ಶನಿವಾರ.

ಪೂಜೆಗೆ ಕೂತಾಗ ಸಂಕಲ್ಪದಲ್ಲಿ ನಾವಿರುವ ಜಾಗ ಹೇಳಬೇಕಲ್ಲ. ಊರಿನಲ್ಲಿ ಜಂಬೂದ್ವೀಪ, ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎನ್ನುತ್ತೇವೆ. ಎಡಿಸನ್‌ನ ಮನೆಯ ಹಾಲಿನಲ್ಲಿ ಸತ್ಯನಾರಾಯಣ ಪೂಜೆಗೆ ಕೂತವರು ಏನನ್ನಬೇಕು? ಅಮೆರಿಕದ ಪುರೋಹಿತರಲ್ಲಿ ಅನೇಕರು ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡ ಎಂದು ಹೇಳಿಸುತ್ತಾರೆ. ಪುರಾಣದ ಭೂಗೋಳದಲ್ಲಿ ಖಾಲಿ ಇದ್ದ ದ್ವೀಪವೊಂದನ್ನು ಅಮೆರಿಕಕ್ಕೆ ಹಂಚಿದ್ದಾಯಿತು! ಆ ಮನೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಿ. ಹೋಮಕುಂಡದ ಬದಲು ಅಲ್ಯೂಮಿನಿಯಂ ತಟ್ಟೆ, ಅದರಡಿಗೆ ಇಟ್ಟಿಗೆ. ಮೇಲೆ ಹೊಗೆಯ ಅಲಾರ್ಮಿನ ಬ್ಯಾಟರಿ ತೆಗೆದಿದ್ದಾರೆ. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನ ತೋರಣ. ಹೊರಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಲು ಅವರ ವಸತಿ ಸಮುಚ್ಚಯ ಒಪ್ಪುವುದಿಲ್ಲವಾದ್ದರಿಂದ ಮಡಿ ಪಂಚೆ ಡ್ರೈಯರಿನಿಂದ ಬಂದಿದೆ. ಪುರೋಹಿತರು ಧಾರ್ಮಿಕ ಕೆಲಸಗಾರರ ವೀಸಾದಲ್ಲಿ ಬಂದವರು. ಕಾರು ಓಡಿಸಿಕೊಂಡು ಬಂದು, ಎರಡು ಗಂಟೆಯಲ್ಲಿ ಪೂಜೆ ಮುಗಿಸಿ, ಇನ್ನೊಂದು ಮನೆಯ ಗೃಹಪ್ರವೇಶಕ್ಕೆ ಹೊರಡುವ ಆತುರದಲ್ಲಿದ್ದಾರೆ. ಸಾವಿನ ಮನೆಯಲ್ಲೂ ಹೀಗೆಯೇ. ಅಗ್ನಿಸ್ಪರ್ಶವೆಂದರೆ ಚಿತಾಗಾರದ ಗುಂಡಿ ಒತ್ತುವುದು. ಬೂದಿ ಸಣ್ಣ ಪೆಟ್ಟಿಗೆಯಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯವರೆಗೂ ಪಯಣಿಸುತ್ತದೆ.

ಇದನ್ನೆಲ್ಲ ಗೇಲಿ ಮಾಡಬೇಕಿಲ್ಲ. ನಡೆ ಮೊದಲು ಬದಲಾಗುತ್ತದೆ, ಶಾಸ್ತ್ರ ಆಮೇಲೆ ಬಂದು ಅದಕ್ಕೊಂದು ಹೆಸರಿಡುತ್ತದೆ; ಬೌಧಾಯನನ ದೇಶಾಚಾರವೂ ಇದನ್ನೇ ಹೇಳುತ್ತದೆ. ನೀರು, ನೆಲ, ಗಡಿಯಾರ, ಬಟ್ಟೆ, ಬೆಂಕಿ ಇವುಗಳಿಗೆ ಅಂಟಿದ ಕಟ್ಟಳೆ ಜಾಗ ಬದಲಾದೊಡನೆ ಬಗ್ಗುತ್ತದೆ. ಸಂಬಳಕ್ಕೆ ಅಡ್ಡ ಬಂದರಂತೂ ಎಲ್ಲಕ್ಕಿಂತ ಮೊದಲು ಬಗ್ಗುತ್ತದೆ. ಹಾಗಾದರೆ ಬಗ್ಗದ್ದು ಯಾವುದು?

ಉತ್ತರ ನ್ಯೂಯಾರ್ಕಿನಲ್ಲೇ ಶತಮಾನದ ಹಿಂದೆ ಸಿಕ್ಕಿತ್ತು. ಬರೋಡದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ ಅಂಬೇಡ್ಕರ್, 1916ರ ಮೇ 9ರಂದು ಅಲ್ಲಿಯ ಮಾನವಶಾಸ್ತ್ರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಯ ಜೀವಾಳ ಊಟದಲ್ಲೂ ಇಲ್ಲ, ಮಡಿಯಲ್ಲೂ ಇಲ್ಲ, ಕಸುಬಿನಲ್ಲೂ ಇಲ್ಲ; ತಮ್ಮತಮ್ಮೊಳಗೇ ಮದುವೆಯಾಗುವ ಪದ್ಧತಿಯಲ್ಲಿದೆ ಎಂಬುದು ಅವರ ವಾದ. ಹಿಂದೂಗಳು ವಲಸೆ ಹೋದಂತೆ ಜಾತಿ ಜಗತ್ತಿನ ಸಮಸ್ಯೆಯಾದೀತು ಎಂದು ಜಾತಿಯ ಚರಿತ್ರೆ ಬರೆದ ಕೇತ್ಕರ್ ಕೊಟ್ಟಿದ್ದ ಎಚ್ಚರಿಕೆಯನ್ನೂ ಅವರು ನೆನೆದರು. ಆಗ ನ್ಯೂಯಾರ್ಕಿನಲ್ಲಿ ಹಿಂದೂ ದೇವಸ್ಥಾನಕ್ಕೆ ಬೇಕಾದಷ್ಟು ಜನವೂ ಇರಲಿಲ್ಲ.

ಈ ವಾದವನ್ನು ಒರೆಗೆ ಹಚ್ಚಲು ಫ್ಲಶಿಂಗ್‌ನಿಂದ ಕೆಲವೇ ಮೈಲಿ ದೂರದ ರಿಚ್ಮಂಡ್ ಹಿಲ್‌ಗೆ ಹೋಗಬೇಕು. ಅಲ್ಲಿರುವವರು ಗಯಾನಾ, ಟ್ರಿನಿಡಾಡ್‌ಗಳಿಂದ ಬಂದ ಹಿಂದೂಗಳು; ಹೋಳಿಯನ್ನು ಫಗ್ವಾ ಎಂದು ಮೆರವಣಿಗೆ ಮಾಡುತ್ತಾರೆ, ಜಮೈಕಾ ಕೊಲ್ಲಿಯ ದಡದಲ್ಲಿ ಗಂಗಾಪೂಜೆ ಮಾಡುತ್ತಾರೆ. ಅವರ ಪೂರ್ವಿಕರು 1838ರಿಂದಾಚೆಗೆ ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಕಾಲಾಪಾನಿ ದಾಟಿದವರು. ಹಡಗಿನಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಉಂಡರು. ಆದರೆ ಜಾತಿ ನಿಜವಾಗಿ ಸಡಿಲಿದ್ದು ತೋಟದಲ್ಲಿ, ಏಕೆಂದರೆ ಹೆಂಗಸರು ಕಡಿಮೆ. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕೆಂದು ಸರ್ಕಾರ ನಿಯಮ ಮಾಡಬೇಕಾಗಿ ಬಂದಿತ್ತು. ಸ್ವಜಾತಿಯ ಹೆಣ್ಣಿಗಾಗಿ ಕಾಯುತ್ತ ಕೂತರೆ ಮನೆ ಕಟ್ಟುವಂತಿರಲಿಲ್ಲ. ಒಂದೆರಡು ತಲೆಮಾರಿನಲ್ಲಿ ಮದುವೆಯ ಗಡಿ ಕರಗಿತು, ಅದರೊಂದಿಗೆ ಜಾತಿಯೂ ಬಹುಮಟ್ಟಿಗೆ ಕರಗಿತು. ಧರ್ಮ ಹೋಗಲಿಲ್ಲ: ರಾಮಾಯಣ ಉಳಿಯಿತು, ಹನುಮಂತನ ಧ್ವಜ ಉಳಿಯಿತು.

1965ರ ನಂತರ ಬಂದ ನಮ್ಮವರ ಸ್ಥಿತಿ ಬೇರೆ. ಅವರು ರಜೆ ಹಾಕಿ ಊರಿಗೆ ಬಂದು, ಜಾತಕ ಕೂಡಿಸಿ, ಸ್ವಜಾತಿಯ ಹುಡುಗಿಯನ್ನು ಮದುವೆಯಾಗಿ ಕರೆದೊಯ್ಯಬಲ್ಲವರಾಗಿದ್ದರು. ಆಮೇಲೆ ವಧೂವರರ ವೆಬ್‌ಸೈಟುಗಳು ಬಂದು ಗೋತ್ರ, ಉಪಪಂಗಡ, ವೀಸಾ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಿದವು. ಸಮುದ್ರದ ಕಟ್ಟಳೆಯನ್ನು ಒಂದು ದಿನದೊಳಗೆ ದಾಟಿಸಿದ ವಿಮಾನವೇ ಮದುವೆಯ ಕಟ್ಟಳೆಯನ್ನು ಕಾಪಾಡಿತು. ಹೊರಗಿನವರ ಕಣ್ಣಿಗೆ ಈ ಗೆರೆಗಳು ಕಾಣುವುದೂ ಇಲ್ಲ. 1987ರಲ್ಲಿ ಜರ್ಸಿ ಸಿಟಿಯ ಪುಂಡರ ಗುಂಪೊಂದು ಹಣೆಬೊಟ್ಟನ್ನೇ ಗುರುತಾಗಿಟ್ಟುಕೊಂಡು ಭಾರತೀಯರ ವಿರುದ್ಧ ಬೆದರಿಕೆ ಹಾಕಿತ್ತು. ಅದೇ ವರ್ಷ ಪಕ್ಕದ ಹೋಬೋಕನ್‌ನಲ್ಲಿ ಪುಂಡರ ಹೊಡೆತಕ್ಕೆ ಸತ್ತವನು ಒಬ್ಬ ಪಾರ್ಸಿ ಯುವಕ. ಹೊಡೆಯುವವರಿಗೆ ಎಲ್ಲರೂ ಒಂದೇ ಆಗಿದ್ದರು. ಒಳಗೆ ನಾವು ಬೇರೆಬೇರೆಯಾಗಿಯೇ ಉಳಿದೆವು.

ಈಚೆಗೆ ಈ ಒಳಗಿನ ಮಾತು ಹೊರಬಿದ್ದಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಹೆಸರಿಸಿ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಾರ್ಯಪಡೆಯೊಂದು ಜಾತಿಯನ್ನೂ ನಿಯಮಾವಳಿಯಲ್ಲಿ ಸೇರಿಸಿ ಎಂದು 2024ರಲ್ಲಿ ಶಿಫಾರಸು ಮಾಡಿತು. ಇರುವ ನಿಯಮಗಳೇ ಅದಕ್ಕೂ ಸಾಲುತ್ತವೆ ಎಂದಿತು ಆಡಳಿತ. ಹಿಂದೂಗಳನ್ನೇ ಗುರಿ ಮಾಡುತ್ತಿದ್ದಾರೆ ಎಂಬ ಆತಂಕ ಒಂದು ಕಡೆ, ಅನುಭವಿಸಿದವರ ಮಾತು ಕೇಳಿ ಎಂಬ ಒತ್ತಾಯ ಇನ್ನೊಂದು ಕಡೆ. ಕಾನೂನು ಬೇಕೋ ಬೇಡವೋ ಎಂಬ ಚರ್ಚೆ ನಡೆಯಲಿ. ಆದರೆ ಜಾತಿ ಭಾರತದಲ್ಲೇ ಉಳಿಯಿತು, ನಮ್ಮೊಂದಿಗೆ ಬರಲಿಲ್ಲ ಎನ್ನುವವರು ತಮ್ಮ ಮನೆಯ ಮದುವೆ ಆಲ್ಬಮ್ಮುಗಳನ್ನು ಒಮ್ಮೆ ತಿರುವಿ ನೋಡಬೇಕು.

ಈಗ ಮದುವೆಯೆಂಬ ಆ ಕೊನೆಯ ಕಟ್ಟಳೆಗೂ ಕೈ ಬಿದ್ದಿದೆ. ದೀಪಾವಳಿಗೆ ನ್ಯೂಯಾರ್ಕ್ ನಗರದ ಶಾಲೆಗಳಿಗೆ ರಜೆ ಕೊಡುವ ಕಾಯಿದೆ 2023ರಲ್ಲಿ ಬಂತು, 2024ರ ನವೆಂಬರ್ 1ರಂದು ಶಾಲೆಗಳು ಮುಚ್ಚಿದವು. ಆ ಶಾಲೆಗಳಲ್ಲಿ ಕಲಿತ ಮಕ್ಕಳು ಅಪ್ಪ ಅಮ್ಮನ ಹಾಗೆ ರಜೆಗೆ ಊರಿಗೆ ಬಂದು ಹುಡುಗಿ ನೋಡುವವರಲ್ಲ. ಪಂಜಾಬಿ, ತೆಲುಗು, ಐರಿಷ್, ಚೀನೀ ಹೆಸರುಗಳು ಆಮಂತ್ರಣ ಪತ್ರಿಕೆಗಳಲ್ಲಿ ಕನ್ನಡದ ಹೆಸರುಗಳ ಪಕ್ಕ ಕೂರತೊಡಗಿವೆ. ಅಂಥ ಮದುವೆಯ ಧಾರೆಯಲ್ಲಿ ಗೋತ್ರ ಹೇಳುವ ಹೊತ್ತು ಬಂದಾಗ ಪುರೋಹಿತರು ತಡವರಿಸುವುದಿಲ್ಲ. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎಂಬ ಹಳೆಯ ದಾರಿ ಸಂಪ್ರದಾಯದಲ್ಲೇ ಇದೆ, ಎಲ್ಲ ಪ್ರಾಣಿಗಳೂ ಕಶ್ಯಪನ ಸಂತಾನವಲ್ಲವೇ ಎಂದು ಹೇಳಿ ಮಂತ್ರ ಮುಂದುವರಿಸುತ್ತಾರೆ. ಬೇಕಾದಾಗ ತೆರೆಯುವ ಕೀಲಿಯನ್ನು ಶಾಸ್ತ್ರ ಯಾವತ್ತೂ ಇಟ್ಟುಕೊಂಡೇ ಇತ್ತು. ಸಂಬಳಕ್ಕಾಗಿ ಅದನ್ನು ತಿರುಗಿಸಲು ನಾವು ಹಿಂದೆಮುಂದೆ ನೋಡಲಿಲ್ಲ; ಮಕ್ಕಳ ಸಲುವಾಗಿ, ಆಮೇಲೆ ದೇವಸ್ಥಾನದಲ್ಲಿ ಕಸ ಗುಡಿಸುವವನ ಮಕ್ಕಳ ಸಲುವಾಗಿಯೂ, ತಿರುಗಿಸುತ್ತೇವೆಯೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.